ಗಣಕಯಂತ್ರದ ಸ್ಮೃತಿದೋಷ: ಲಕ್ಷಣ, ನಿದಾನ, ಚಿಕಿತ್ಸೆ

ಹಸ್ತಪ್ರತಿಗಳೊಡನೆ ಬಹುಕಾಲ ಕಳೆದವರಿಗೆ ಲಿಪಿಕಾರನು ಅಪರಿಚಿತನಲ್ಲ. ಅವನ ಹೆಸರು ತಿಳಿಯದಿದ್ದರೂ ಅವನ ತಪ್ಪುಗಳು ತಿಳಿದಿರುತ್ತವೆ. ಸಾಲು ಜಾರಿಸಿದ ಕಡೆ, ಒಂದೇ ಪದವನ್ನು ಎರಡು ಬಾರಿ ಬರೆದ ಕಡೆ, ಲಕಾರ ಳಕಾರಗಳನ್ನು ಒಂದಕ್ಕೊಂದು ಬದಲಿಸಿದ ಕಡೆ ನಾವು ಅವನನ್ನು ನಿಲ್ಲಿಸಿ ವಿಚಾರಿಸುತ್ತೇವೆ. ಮತ್ತೊಂದು ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಶುದ್ಧಪಾಠವನ್ನು ನಿರ್ಣಯಿಸುತ್ತೇವೆ. ಇಂದು ಆ ಲಿಪಿಕಾರನ ಪೀಠದಲ್ಲಿ ಗಣಕಯಂತ್ರವು ಕುಳಿತಿದೆ. ಅದು ಬರೆದದ್ದನ್ನು ಮರೆಯದು, ತಪ್ಪಾಗಿ ನೆನೆಯದು ಎಂಬ ನಂಬಿಕೆ ನಮ್ಮೆಲ್ಲರಲ್ಲಿ ಬೇರೂರಿದೆ. ಆ ನಂಬಿಕೆ ಪೂರ್ಣ ಸತ್ಯವಲ್ಲವೆಂಬುದನ್ನೂ, ಯಂತ್ರದ ನೆನಪು ತಪ್ಪಿದಾಗ ಅದನ್ನು ಕಂಡುಹಿಡಿದು ಸರಿಪಡಿಸುವ ಕ್ರಮವನ್ನೂ ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕನ್ನಡ ಪಂಡಿತನಿಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ವಾಚಕರು ಕೇಳಬಹುದು. ಅಧಿಕಾರವಿಲ್ಲ, ಅನುಭವವಿದೆ. ನಮ್ಮ ಗ್ರಂಥಾಲಯದಲ್ಲಿರುವ ಕೈಬರಹದ ವಚನಸಂಕಲನಗಳನ್ನು ಗಣಕಯಂತ್ರಕ್ಕೆ ಏರಿಸುವ ಕಾರ್ಯದಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬನು ನನಗೆ ನೆರವಾಗಿದ್ದನು. ಯಂತ್ರದ ನಡೆ ಮಂದವಾಯಿತೆಂದು ಹಿತೈಷಿಗಳೊಬ್ಬರು ಹೊಸದೊಂದು ಮೆಮೊರಿ ಪಟ್ಟಿಯನ್ನು ಪ್ರೀತಿಯಿಂದ ಕೊಡಿಸಿ, ತಿಳಿದವರಿಂದ ಅದನ್ನು ಕೂಡಿಸಿಯೂ ಕೊಟ್ಟರು. ಕೆಲವು ವಾರಗಳಲ್ಲಿ ಬೆರಳಚ್ಚಿನ ಪ್ರತಿಗಳಲ್ಲಿ ವಿಚಿತ್ರವಾದ ತಪ್ಪುಗಳು ಕಾಣತೊಡಗಿದವು. 'ಕಲೆ' ಇರಬೇಕಾದಲ್ಲಿ 'ಕಳೆ', 'ಮತಿ' ಇರಬೇಕಾದಲ್ಲಿ 'ಯತಿ'. ಲಳಗಳ ಭೇದವರಿಯದವನು ವಚನಕ್ಕೆ ಕೈಹಾಕಬಾರದೆಂದು ನಾನು ಆ ಹುಡುಗನಿಗೆ ಕಠಿಣವಾಗಿ ನುಡಿದೆನು. ಅವನು ಎದುರಾಡಲಿಲ್ಲ, ಮರುದಿನದಿಂದ ಬರಲಿಲ್ಲ.

ಅನಂತರ ನಾನೇ ತಿದ್ದಿ, ಎರಡು ಬಾರಿ ಓದಿ, ಶುದ್ಧವೆಂದು ಒಪ್ಪಿದ ಒಂದು ಕಡತವನ್ನು ಮುದ್ರಣಾಲಯಕ್ಕೆ ಕಳುಹಿಸಲೆಂದು ನಕಲು ಮಾಡಿದಾಗ, ಆ ನಕಲಿನಲ್ಲಿಯೂ ಅಂತಹುದೇ ತಪ್ಪುಗಳಿದ್ದವು. ಮೂಲದಲ್ಲಿ ಇಲ್ಲದ ತಪ್ಪು ನಕಲಿನಲ್ಲಿ ಇದೆ. ನಡುವೆ ಯಾರೂ ಕೀಲಿಮಣೆಯನ್ನು ಮುಟ್ಟಿಲ್ಲ. ಹಾಗಾದರೆ ಈ ಲೇಖನದೋಷ ಯಾರದು? ಆ ಪ್ರಶ್ನೆಯೇ ನನ್ನನ್ನು ಈ ವಿಷಯದ ಅಭ್ಯಾಸಕ್ಕೆ ಎಳೆಯಿತು.

ನೆನಪಿನ ಸ್ವರೂಪ

ಗಣಕಯಂತ್ರಕ್ಕೆ ಎರಡು ಬಗೆಯ ನೆನಪುಗಳುಂಟು. ಒಂದು ಭಂಡಾರ, ವಿದ್ಯುತ್ತು ಹೋದರೂ ಉಳಿಯುವ ಡಿಸ್ಕು. ಮತ್ತೊಂದು ಕೆಲಸ ಮಾಡುವ ಹೊತ್ತಿನಲ್ಲಿ ಎದುರಿಗೆ ಹರಡಿಕೊಂಡ ಮೇಜು. ಇದನ್ನೇ ರ‍್ಯಾಮ್ ಎನ್ನುವರು. ನಾವು ಟೈಪು ಮಾಡುವ ಅಕ್ಷರವಾಗಲಿ, ನಕಲು ಮಾಡುವ ಕಡತವಾಗಲಿ ಭಂಡಾರಕ್ಕೆ ಹೋಗುವ ಮುನ್ನ ಈ ಮೇಜಿನ ಮೇಲೆ ಹಾದೇ ಹೋಗಬೇಕು. ಮೇಜಿನ ಮೇಲೆ ಕೆಟ್ಟದ್ದು ಭಂಡಾರದಲ್ಲಿ ಕೆಟ್ಟಂತೆಯೇ ಸೇರುತ್ತದೆ.

ಇಂದಿನ ರ‍್ಯಾಮಿನ ಮೂಲತತ್ತ್ವವನ್ನು ರೂಪಿಸಿದವರು ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್. ಅವರಿಗೆ 1968ರಲ್ಲಿ ಇದರ ಹಕ್ಕುಪತ್ರ ದೊರೆಯಿತು. ಒಂದು ಟ್ರಾನ್ಸಿಸ್ಟರು, ಒಂದು ಕೆಪಾಸಿಟರು ಸೇರಿ ಒಂದು ಕೋಶ. ಕೆಪಾಸಿಟರಿನಲ್ಲಿ ವಿದ್ಯುದಂಶವಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಈ ಒಂದು ಅಥವಾ ಸೊನ್ನೆಯೇ ಒಂದು ಬಿಟ್. ಆದರೆ ಈ ಕೆಪಾಸಿಟರು ಒಸರುವ ಮಡಕೆಯಂತಹುದು. ತುಂಬಿಟ್ಟದ್ದು ತಾನೇ ಬರಿದಾಗುತ್ತ ಹೋಗುವುದು. ಆದುದರಿಂದ ಯಂತ್ರವು ಸಾಮಾನ್ಯ ಉಷ್ಣತೆಯಲ್ಲಿ 64 ಮಿಲಿಸೆಕೆಂಡುಗಳೊಳಗಾಗಿ ಪ್ರತಿಯೊಂದು ಕೋಶವನ್ನೂ ಓದಿ ಮತ್ತೆ ತುಂಬುತ್ತಿರಬೇಕು. ಶಾಖ ಹೆಚ್ಚಿದಂತೆ ಒಸರುವಿಕೆಯೂ ಹೆಚ್ಚುವುದು. ಎಂಟು ಗಿಗಾಬೈಟಿನ ಒಂದು ಪಟ್ಟಿಯಲ್ಲಿ ಇಂತಹ ಕೋಶಗಳು ಸುಮಾರು 6,870 ಕೋಟಿ. ಇಷ್ಟೊಂದು ಮಡಕೆಗಳಲ್ಲಿ ಒಂದು ಸೀಳಿದರೂ, ಒಂದು ತಡವಾಗಿ ತುಂಬಿದರೂ ನೆನಪು ತಪ್ಪಿತೆಂದೇ ಅರ್ಥ.

ಒಂದು ಬಿಟ್ ತಪ್ಪಿದರೆ ಏನಾದೀತು? ಕನ್ನಡದ ಅಕ್ಷರಗಳಿಗೆ ಯೂನಿಕೋಡ್ ವ್ಯವಸ್ಥೆಯಲ್ಲಿ ಒಂದೊಂದು ಸಂಖ್ಯೆಯುಂಟು. ಲಕಾರದ ಸಂಖ್ಯೆ 3250, ಳಕಾರದ್ದು 3251. ಯಂತ್ರವು ಇವನ್ನು ಒಂದು ಸೊನ್ನೆಗಳಲ್ಲಿ ಬರೆದುಕೊಂಡಾಗ ಎರಡಕ್ಕೂ ಇರುವ ಅಂತರ ಒಂದೇ ಬಿಟ್. ಮಕಾರ 3246, ಯಕಾರ 3247, ಇಲ್ಲಿಯೂ ಹಾಗೆಯೇ. ದಕಾರ 3238, ಧಕಾರ 3239. ಒಂದು ಬಿಟ್ ಹೊರಳಿದರೆ ದನವು ಧನವಾಗುತ್ತದೆ. ಕಕಾರ 3221, ಗಕಾರ 3223. ಇಲ್ಲಿಯೂ ಒಂದೇ ಬಿಟ್ಟಿನ ಭೇದವಾದ್ದರಿಂದ 'ಗುರು' ಎಂಬುದು 'ಕುರು' ಆಗಬಹುದು. ಬೇರೆ ಬಿಟ್ ಹೊರಳಿದರೆ ಅಕ್ಷರದ ಬದಲು ಅರ್ಥವಿಲ್ಲದ ಚಿಹ್ನೆಯೊಂದು ಕಾಣುವುದು. ಅದು ಮೇಲು, ಏಕೆಂದರೆ ಕಣ್ಣಿಗೆ ಬೀಳುತ್ತದೆ. ಅಪಾಯವಿರುವುದು ಅರ್ಥವುಳ್ಳ ತಪ್ಪಿನಲ್ಲಿ. 'ಕಲೆ'ಗೂ ಅರ್ಥವಿದೆ, 'ಕಳೆ'ಗೂ ಅರ್ಥವಿದೆ. ಓದುಗನು ಅನುಮಾನಿಸದೆ ಮುಂದೆ ಸಾಗುತ್ತಾನೆ. ಮನುಷ್ಯನ ತಪ್ಪಿನಂತೆಯೇ ತೋರುವುದರಿಂದ ಅಪವಾದವೂ ಮನುಷ್ಯನ ಮೇಲೆಯೇ ಬೀಳುತ್ತದೆ.

ಲಕ್ಷಣಗಳು

ಸ್ಮೃತಿದೋಷದ ಲಕ್ಷಣಗಳು ಹಲವು. ಕೆಲಸದ ನಡುವೆ ಪರದೆ ನೀಲಿಯಾಗಿ ಯಂತ್ರವು ತಾನೇ ನಿಂತು ಮತ್ತೆ ಆರಂಭವಾಗುವುದು. ಪ್ರತಿಸಾರಿಯೂ ಬೇರೆ ಬೇರೆ ಕಾರಣವನ್ನು ಹೇಳುವುದು. ಇಂದು ಒಂದು ತಂತ್ರಾಂಶ, ನಾಳೆ ಇನ್ನೊಂದು ಹಠಾತ್ತನೆ ಮುಚ್ಚಿಹೋಗುವುದು. ಒತ್ತಿ ಕಟ್ಟಿದ ಕಡತಗಳನ್ನು ಬಿಚ್ಚುವಾಗ ಕೆಟ್ಟಿದೆಯೆಂಬ ಸೂಚನೆ ಬರುವುದು, ಮತ್ತೊಮ್ಮೆ ಬಿಚ್ಚಿದರೆ ಸರಿಯಾಗಿರುವುದು. ಒಂದೇ ಕಡತದ ಎರಡು ನಕಲುಗಳು ಪರಸ್ಪರ ಹೊಂದದಿರುವುದು. ಕೆಲವೊಮ್ಮೆ ಯಂತ್ರವು ಆರಂಭವಾಗದೆ ಬರಿದೇ ಸದ್ದು ಮಾಡುವುದು.

ಇವುಗಳಲ್ಲಿ ಮುಖ್ಯವಾದುದು ಅನಿಯತತೆ. ಒಂದೇ ತಂತ್ರಾಂಶವು ಒಂದೇ ಸ್ಥಳದಲ್ಲಿ ಪ್ರತಿಸಾರಿಯೂ ನಿಂತರೆ ದೋಷವು ಬಹುಶಃ ಆ ತಂತ್ರಾಂಶದ್ದು. ಎಲ್ಲಿ ಬೇಕಾದಲ್ಲಿ, ಯಾವಾಗ ಬೇಕಾದಾಗ ನಿಂತರೆ ಮೆಮೊರಿಯನ್ನು ಶಂಕಿಸಬೇಕು. ಆದರೆ ಶಂಕೆಯೇ ನಿರ್ಣಯವಲ್ಲ. ವಿದ್ಯುತ್ ಒದಗಿಸುವ ಪೆಟ್ಟಿಗೆ ದುರ್ಬಲವಾಗಿದ್ದರೂ, ಪ್ರೊಸೆಸರಿನ ಬೀಸಣಿಗೆಗೆ ಧೂಳು ಕಟ್ಟಿ ಶಾಖವೇರಿದರೂ, ಡಿಸ್ಕು ಸವೆದಿದ್ದರೂ ಇಂತಹವೇ ಲಕ್ಷಣಗಳು ಕಾಣುತ್ತವೆ. ಜ್ವರವೊಂದೇ ಆದರೂ ರೋಗಗಳು ಅನೇಕವೆಂಬ ವೈದ್ಯರ ಮಾತು ಇಲ್ಲಿಯೂ ಸಲ್ಲುತ್ತದೆ.

ನಿದಾನ

ಕಾರಣವನ್ನು ನಿರ್ಣಯಿಸಲು ನಮ್ಮ ಶಾಸ್ತ್ರಕಾರರು ಅನ್ವಯ, ವ್ಯತಿರೇಕ ಎಂಬ ಎರಡು ಸಾಧನಗಳನ್ನು ಕೊಟ್ಟಿದ್ದಾರೆ. ಇದು ಇದ್ದಾಗ ಅದು ಇರುವುದು ಅನ್ವಯ. ಇದು ಇಲ್ಲದಾಗ ಅದು ಇಲ್ಲದಿರುವುದು ವ್ಯತಿರೇಕ. ಎರಡೂ ಕೂಡಿದಾಗ ಮಾತ್ರ ಕಾರಣವು ಸಿದ್ಧವಾಗುತ್ತದೆ. ಯಂತ್ರದ ಪರೀಕ್ಷೆಯೆಲ್ಲ ಇದೇ. ಒಂದು ಬಾರಿಗೆ ಒಂದನ್ನು ಮಾತ್ರ ಬದಲಿಸಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿ ಯಂತ್ರ ಸರಿಹೋದರೆ ಸಂತೋಷವಾದೀತು, ಜ್ಞಾನವಾಗದು.

ಎಲ್ಲಕ್ಕೂ ಮೊದಲು ಪಾಲಿಸಬೇಕಾದ ನಿಯಮವೊಂದುಂಟು. ಶಂಕೆ ಹುಟ್ಟಿದ ಕೂಡಲೆ ಆ ಯಂತ್ರದಲ್ಲಿ ಬರೆಯುವುದನ್ನು ನಿಲ್ಲಿಸಬೇಕು. ಗಾಬರಿಯಿಂದ ಎಲ್ಲ ಕಡತಗಳನ್ನೂ ಅದೇ ಯಂತ್ರದ ಮೂಲಕ ನಕಲು ಮಾಡಿ ಹಳೆಯ ನಕಲುಗಳ ಮೇಲೆ ಬರೆಯಬಾರದು; ಹಾಗೆ ಮಾಡಿದರೆ ಶುದ್ಧವಾಗಿ ಉಳಿದಿದ್ದ ಹಳೆಯ ಪ್ರತಿಯೂ ಕೆಟ್ಟೀತು. ಡಿಸ್ಕನ್ನು ಬಿಚ್ಚಿ, ನಿರ್ದೋಷವೆಂದು ತಿಳಿದ ಇನ್ನೊಂದು ಯಂತ್ರದಲ್ಲಿಟ್ಟು ನಕಲು ತೆಗೆಯುವುದು ಉತ್ತಮ.

ಅನಂತರ ಪರೀಕ್ಷೆ. ಮೆಮ್‌ಟೆಸ್ಟ್86 ಎಂಬ ಪರೀಕ್ಷಾತಂತ್ರಾಂಶವನ್ನು ಕ್ರಿಸ್ ಬ್ರೇಡಿ ಎಂಬುವರು 1994ರಲ್ಲಿ ರಚಿಸಿದರು. ಅದರಿಂದ ಕವಲೊಡೆದ ಮೆಮ್‌ಟೆಸ್ಟ್86 ಪ್ಲಸ್ ಎಂಬುದೂ ಪ್ರಚಾರದಲ್ಲಿದೆ. ಎರಡೂ ಉಚಿತವಾಗಿ ದೊರೆಯುತ್ತವೆ. ಇವನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು, ವಿಂಡೋಸ್ ಆರಂಭವಾಗುವ ಮುನ್ನವೇ ಅದರಿಂದ ಯಂತ್ರವನ್ನು ಎಬ್ಬಿಸಬೇಕು. ವಿಂಡೋಸಿನ ಒಳಗೇ ಇರುವ ಮೆಮೊರಿ ಡಯಾಗ್ನೋಸ್ಟಿಕ್ ಎಂಬ ಸಾಧನವೂ ಮೊದಲ ನೋಟಕ್ಕೆ ಸಾಕು. ಆದರೆ ಅದು ತಪ್ಪು ತೋರದಿದ್ದ ಮಾತ್ರಕ್ಕೆ ನಿಶ್ಚಿಂತರಾಗಬಾರದು.

ಈ ಪರೀಕ್ಷೆಯ ಕ್ರಮವು ಸರಳ. ಉಪಾಧ್ಯಾಯನು ಪಾಠ ಹೇಳಿ ಒಪ್ಪಿಸಿಕೊಳ್ಳುವಂತೆ, ತಂತ್ರಾಂಶವು ಎಲ್ಲ ಕೋಶಗಳಲ್ಲಿಯೂ ತನಗೆ ತಿಳಿದ ವಿನ್ಯಾಸವೊಂದನ್ನು ಬರೆದು ಮತ್ತೆ ಓದುತ್ತದೆ. ಎಲ್ಲವೂ ಸೊನ್ನೆ, ಎಲ್ಲವೂ ಒಂದು, ಒಂದು ಬಿಟ್ಟು ಒಂದು. ಬಳಿಕ ಅದನ್ನೇ ತಿರುವುಮುರುವು ಮಾಡಿ ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ. ನೆರೆಯ ಕೋಶದ ಬದಲಾವಣೆಯಿಂದ ಕದಲುವ ಕೋಶಗಳೂ ಹೀಗೆ ಸಿಕ್ಕಿಬೀಳುತ್ತವೆ. ಒಂದು ಸುತ್ತಿಗೆ ತೃಪ್ತರಾಗದೆ ಕನಿಷ್ಠ ನಾಲ್ಕು ಸುತ್ತು ನಡೆಸಬೇಕು. ಮೆಮೊರಿ ಹೆಚ್ಚಿದ್ದಷ್ಟೂ ಹೊತ್ತು ಹೆಚ್ಚು. ರಾತ್ರಿ ಹಚ್ಚಿಟ್ಟು ಬೆಳಗ್ಗೆ ನೋಡುವುದು ಅನುಕೂಲ. ಫಲವನ್ನು ಅರ್ಥೈಸುವಲ್ಲಿ ಔದಾರ್ಯ ಸಲ್ಲದು. ನೂರಕ್ಕೆ ತೊಂಬತ್ತೊಂಬತ್ತು ಅಂಕವೆಂದು ಇಲ್ಲಿ ಉತ್ತೀರ್ಣಗೊಳಿಸುವಂತಿಲ್ಲ. ಒಂದೇ ಒಂದು ತಪ್ಪು ಕಂಡರೂ ಆ ಯಂತ್ರವು ಗ್ರಂಥಕಾರ್ಯಕ್ಕೆ ಅನರ್ಹ.

ಚಿಕಿತ್ಸೆ

ತಪ್ಪು ಕಂಡೊಡನೆ ಪಟ್ಟಿಯನ್ನು ಎಸೆಯಬಾರದು. ಕ್ರಮವಾಗಿ ನಡೆಯಬೇಕು.

ಮೊದಲನೆಯದಾಗಿ, ಬಯಾಸ್ ಎಂಬ ಮೂಲವ್ಯವಸ್ಥೆಯಲ್ಲಿ ಎಲ್ಲವನ್ನೂ ಸ್ವಾಭಾವಿಕ ಸ್ಥಿತಿಗೆ ತಂದು ಮತ್ತೆ ಪರೀಕ್ಷಿಸಬೇಕು. ಮೆಮೊರಿ ಪಟ್ಟಿಯ ಹೊದಿಕೆಯ ಮೇಲೆ ಅಚ್ಚಾಗಿರುವ ವೇಗವು ಅನೇಕ ವೇಳೆ ಅದರ ಸಹಜವೇಗವಲ್ಲ; ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ವಿಶೇಷ ವಿಧಾನವನ್ನು ಆರಿಸಿದಾಗ ಮಾತ್ರ ಅದು ದೊರೆಯುವ ವೇಗ. ಡಿಡಿಆರ್ 4 ಜಾತಿಯ ಪಟ್ಟಿಗೆ ನಿಯತವಾದ ವಿದ್ಯುದೊತ್ತಡ 1.2 ವೋಲ್ಟ್, ಹೆಚ್ಚಿನ ವೇಗದ ವಿಧಾನಗಳಲ್ಲಿ ಅದನ್ನು ಸಾಮಾನ್ಯವಾಗಿ 1.35ಕ್ಕೆ ಏರಿಸಿರುತ್ತಾರೆ. ಡಿಡಿಆರ್ 5ಕ್ಕೆ ನಿಯತವಾದುದು 1.1 ವೋಲ್ಟ್. ಎತ್ತನ್ನು ಕುದುರೆಯಂತೆ ಓಡಿಸಿದರೆ ಅದು ಓಡೀತು. ಎಲ್ಲ ದಿನವೂ ಓಡಲಾರದು. ವೇಗವನ್ನು ಇಳಿಸಿದಾಗ ತಪ್ಪುಗಳು ನಿಂತರೆ ಚಿಕಿತ್ಸೆ ಅಲ್ಲಿಗೇ ಮುಗಿಯಿತು. ಅಕ್ಷರ ಜೋಡಿಸುವ ಕೆಲಸದಲ್ಲಿ ಆ ವೇಗದ ನಷ್ಟ ಯಾರ ಅರಿವಿಗೂ ಬಾರದು. ವೋಲ್ಟೇಜನ್ನು ತೋಚಿದಂತೆ ಏರಿಸುವ ಸಾಹಸ ಮಾತ್ರ ಬೇಡ.

ಎರಡನೆಯದಾಗಿ, ಸಂಪರ್ಕಶುದ್ಧಿ. ಯಂತ್ರವನ್ನು ನಿಲ್ಲಿಸಿ, ವಿದ್ಯುತ್ ತಂತಿಯನ್ನು ಕಿತ್ತು, ಒಳಗೆ ಉಳಿದ ವಿದ್ಯುದಂಶ ಹೋಗುವಂತೆ ಆರಂಭದ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿಯಬೇಕು. ಯಂತ್ರದ ಲೋಹದ ಮೈಯನ್ನು ಮುಟ್ಟಿ ನಮ್ಮ ಶರೀರದಲ್ಲಿರುವ ಸ್ಥಿರವಿದ್ಯುತ್ತನ್ನು ಕಳೆದುಕೊಂಡ ಬಳಿಕವೇ ಪಟ್ಟಿಯನ್ನು ಅಂಚಿನಲ್ಲಿ ಹಿಡಿದು ತೆಗೆಯಬೇಕು. ಅದರ ಹೊಂಬಣ್ಣದ ಹಲ್ಲುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ನೂಲುಬಿಡದ ಬಟ್ಟೆಯಿಂದ ಒರೆಸಿ ಆರಲು ಬಿಡಬೇಕು. ರಬ್ಬರಿನಿಂದ ತಿಕ್ಕುವ ರೂಢಿ ನಮ್ಮಲ್ಲಿದೆ. ತಿಕ್ಕುವುದಾದರೆ ಮೃದುವಾಗಿ ತಿಕ್ಕಿ, ಪುಡಿಯನ್ನು ಪೂರ್ತಿ ತೆಗೆಯಬೇಕು. ಗೂಡಿನ ಧೂಳನ್ನು ಊದಿ ತೆಗೆದು, ಅಂಚಿನ ಕೊಂಡಿಗಳು ಟಕ್ಕೆನ್ನುವವರೆಗೆ ಪಟ್ಟಿಯನ್ನು ಒತ್ತಿ ಕೂಡಿಸಬೇಕು. ಅರ್ಧ ಕುಳಿತ ಪಟ್ಟಿಯೇ ಎಷ್ಟೋ ರೋಗಗಳಿಗೆ ಮೂಲ.

ಮೂರನೆಯದಾಗಿ, ಪಟ್ಟಿಗಳನ್ನು ಬೇರ್ಪಡಿಸಿ ಒಂದೊಂದನ್ನೇ ಒಂದೇ ಗೂಡಿನಲ್ಲಿಟ್ಟು ಪರೀಕ್ಷಿಸಬೇಕು. ತಪ್ಪು ಪಟ್ಟಿಯನ್ನು ಹಿಂಬಾಲಿಸಿದರೆ ದೋಷ ಪಟ್ಟಿಯದು. ಅದನ್ನು ಬದಲಿಸುವುದೊಂದೇ ದಾರಿ. ಯಾವ ಪಟ್ಟಿಯನ್ನಿಟ್ಟರೂ ಒಂದೇ ಗೂಡಿನಲ್ಲಿ ತಪ್ಪು ಕಂಡರೆ ದೋಷ ಗೂಡಿನದು, ಅಂದರೆ ಮದರ್‌ಬೋರ್ಡಿನದು. ಎಲ್ಲ ಪಟ್ಟಿಗಳೂ ಎಲ್ಲ ಗೂಡುಗಳಲ್ಲಿಯೂ ತಪ್ಪಿದರೆ ವಿದ್ಯುತ್ ಪೆಟ್ಟಿಗೆಯನ್ನೋ ಪ್ರೊಸೆಸರನ್ನೋ ಶಂಕಿಸಬೇಕು. ಏಕೆಂದರೆ ಮೆಮೊರಿಯನ್ನು ನಿಯಂತ್ರಿಸುವ ಅಂಗವು ಇಂದಿನ ಯಂತ್ರಗಳಲ್ಲಿ ಪ್ರೊಸೆಸರಿನ ಒಳಗೇ ಇದೆ.

ನಾಲ್ಕನೆಯದಾಗಿ, ಒಂಟಿಯಾಗಿ ನಿರ್ದೋಷವಾದ ಪಟ್ಟಿಗಳು ಜೊತೆಗೂಡಿದಾಗ ತಪ್ಪುವುದುಂಟು. ಬೇರೆ ಬೇರೆ ತಯಾರಿಕೆಯ, ಬೇರೆ ಬೇರೆ ವೇಗದ ಪಟ್ಟಿಗಳನ್ನು ಬೆರೆಸಿದಾಗ ಎಲ್ಲವೂ ಅತಿ ಮಂದವಾದುದರ ವೇಗದಲ್ಲಿ ನಡೆಯುವುದೇ ಕ್ಷೇಮ. ನಾಲ್ಕು ಗೂಡುಗಳಿರುವ ಯಂತ್ರದಲ್ಲಿ ಎರಡೇ ಪಟ್ಟಿಗಳಿದ್ದರೆ ಅವನ್ನು ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯ ಹಾಗೂ ನಾಲ್ಕನೆಯ ಗೂಡುಗಳಲ್ಲಿ ಇಡಬೇಕು. ಯಂತ್ರದ ಕೈಪಿಡಿಯನ್ನು ನೋಡಿ ನಿಶ್ಚಯಿಸುವುದು ಮೇಲು.

ನಮ್ಮ ಯಂತ್ರದಲ್ಲಿ ಕಂಡ ಸಂಗತಿ ಇದೇ. ಮೊದಲ ರಾತ್ರಿಯ ಪರೀಕ್ಷೆಯಲ್ಲಿಯೇ ತಪ್ಪುಗಳು ಕೆಂಪಕ್ಷರದಲ್ಲಿ ಸಾಲುಗಟ್ಟಿದವು. ಹೊಸ ಪಟ್ಟಿಯನ್ನು ಒಂಟಿಯಾಗಿ ಪರೀಕ್ಷಿಸಿದಾಗ ಒಂದು ತಪ್ಪೂ ಇಲ್ಲ. ಹಳೆಯದನ್ನು ಸಹಜವೇಗದಲ್ಲಿ ಒಂಟಿಯಾಗಿ ಪರೀಕ್ಷಿಸಿದಾಗಲೂ ಇಲ್ಲ. ಕೂಡಿಸಿದವರು ಹೊಸ ಪಟ್ಟಿಯ 3200ರ ವೇಗವನ್ನು 2400ಕ್ಕೆಂದು ತಯಾರಾದ ಹಳೆಯ ಪಟ್ಟಿಗೂ ವಿಧಿಸಿದ್ದರು. ಎರಡನ್ನೂ 2400ಕ್ಕೆ ಇಳಿಸಿದಾಗ ನಾಲ್ಕು ಸುತ್ತುಗಳೂ ಶುದ್ಧವಾಗಿ ಮುಗಿದವು. ಮತ್ತೆ 3200ಕ್ಕೆ ಏರಿಸಿದಾಗ ತಪ್ಪುಗಳು ಮರಳಿದವು. ಅನ್ವಯವೂ ಆಯಿತು, ವ್ಯತಿರೇಕವೂ ಆಯಿತು. ಕೊಟ್ಟವರ ದಾನದಲ್ಲಿ ದೋಷವಿರಲಿಲ್ಲ. ಹಳೆಯ ಪಟ್ಟಿಯಲ್ಲಿಯೂ ಇರಲಿಲ್ಲ. ಇಬ್ಬರನ್ನೂ ಒಂದೇ ನೊಗಕ್ಕೆ ಕಟ್ಟಿದ ಬಗೆಯಲ್ಲಿ ಇತ್ತು.

ಛಂದಸ್ಸೆಂಬ ಕಾವಲು

ಮೆಮೊರಿಯ ತಪ್ಪುಗಳೆಲ್ಲ ಮನುಷ್ಯರ ಅಜಾಗ್ರತೆಯಿಂದಲೇ ಬರುವುವೆಂದು ಭಾವಿಸಬಾರದು. 1978ರಲ್ಲಿ ಇಂಟೆಲ್ ಸಂಸ್ಥೆಯ ತಿಮೊಥಿ ಮೇ ಮತ್ತು ಮರ‍್ರೆ ವುಡ್ಸ್ ಎಂಬ ವಿಜ್ಞಾನಿಗಳು ಚಿಪ್ಪಿನ ಹೊದಿಕೆಯ ವಸ್ತುವಿನಲ್ಲಿರುವ ಅತ್ಯಲ್ಪ ವಿಕಿರಣದಿಂದಲೂ ಬಿಟ್ಟುಗಳು ಹೊರಳುತ್ತವೆಂದು ತೋರಿಸಿದರು. ಗೂಗಲ್ ಸಂಸ್ಥೆಯ ಗಣಕಯಂತ್ರಗಳನ್ನು ಎರಡೂವರೆ ವರ್ಷ ಅವಲೋಕಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಒಂದು ವರ್ಷದಲ್ಲಿ ಶೇಕಡ 8ಕ್ಕೂ ಹೆಚ್ಚು ಪಟ್ಟಿಗಳಲ್ಲಿ ಒಮ್ಮೆಯಾದರೂ ತಪ್ಪು ಕಂಡಿತೆಂದು ತಿಳಿಸಿತು.

ಇದಕ್ಕೆ ರಕ್ಷಣೆಯಿಲ್ಲವೆ? ಇದೆ, ಅದರ ತತ್ತ್ವವು ನಮಗೆ ಹೊಸದಲ್ಲ. ಕಂದಪದ್ಯದ ಮೊದಲ ಮೂರನೆಯ ಪಾದಗಳಲ್ಲಿ 12 ಮಾತ್ರೆ, ಎರಡನೆಯ ನಾಲ್ಕನೆಯ ಪಾದಗಳಲ್ಲಿ 20 ಮಾತ್ರೆ ಇರತಕ್ಕದ್ದು. ಲಿಪಿಕಾರನು ಅಕ್ಷರವೊಂದನ್ನು ಬಿಟ್ಟರೆ ಮಾತ್ರೆ ಕೆಡುವುದು. ಎರಡನೆಯ ಅಕ್ಷರದಲ್ಲಿ ಲಕಾರಕ್ಕೆ ಳಕಾರ ಬರೆದರೆ ಪ್ರಾಸ ಕೆಡುವುದು. ಅರ್ಥಕ್ಕೆ ಬೇಕಾದುದಕ್ಕಿಂತ ಹೆಚ್ಚಾದ ಈ ನಿಯಮವೇ ಪಾಠದ ಕಾವಲುಗಾರ. 1950ರಲ್ಲಿ ಬೆಲ್ ಪ್ರಯೋಗಶಾಲೆಯ ರಿಚರ್ಡ್ ಹ್ಯಾಮಿಂಗ್ ಪ್ರಕಟಿಸಿದ ದೋಷಪರಿಹಾರ ಸಂಕೇತವೂ ಇಂತಹುದೇ. ಇಸಿಸಿ ಎಂಬ ಜಾತಿಯ ಮೆಮೊರಿಯಲ್ಲಿ ಪ್ರತಿ 64 ಬಿಟ್ಟುಗಳಿಗೆ 8 ಹೆಚ್ಚಿನ ಬಿಟ್ಟುಗಳನ್ನು ಇರಿಸುತ್ತಾರೆ. ಒಂದು ಬಿಟ್ ಹೊರಳಿದರೆ ಯಂತ್ರವೇ ತಿದ್ದಿಕೊಳ್ಳುತ್ತದೆ; ಎರಡು ಹೊರಳಿದರೆ ತಿದ್ದಲಾರದಾದರೂ ತಪ್ಪಾಗಿದೆಯೆಂದು ಎಚ್ಚರಿಸುತ್ತದೆ. ಸಾಮಾನ್ಯ ಮೇಜುಯಂತ್ರಗಳಲ್ಲಿ ಹೆಚ್ಚಾಗಿ ಈ ವ್ಯವಸ್ಥೆಯಿಲ್ಲ. ಡಿಡಿಆರ್ 5 ಪಟ್ಟಿಯ ಚಿಪ್ಪುಗಳೊಳಗೆ ತಿದ್ದುವ ಏರ್ಪಾಡು ಇದೆಯಾದರೂ, ಚಿಪ್ಪಿನಿಂದ ಪ್ರೊಸೆಸರಿಗೆ ಹೋಗುವ ದಾರಿಯಲ್ಲಿ ಆಗುವ ತಪ್ಪನ್ನು ಅದು ಕಾಯಲಾರದು.

ವಚನವು ಕಂದದಂತಲ್ಲ. ಅದಕ್ಕೆ ಮಾತ್ರೆಯ ಕಾವಲಿಲ್ಲ, ಪ್ರಾಸದ ಬೇಲಿಯಿಲ್ಲ. ಅನುಭಾವವನ್ನು ಆಡುಮಾತಿನಲ್ಲಿ ಹೇಳಿದ ಶರಣರು ಛಂದಸ್ಸಿನ ಕಟ್ಟನ್ನು ಬಿಟ್ಟರು. ಆದುದರಿಂದ ಅವರ ಪಾಠವನ್ನು ಕಾಯುವ ಹೊಣೆ ಓದುಗರ ಮೇಲೆಯೇ ಇದೆ. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದ ಫ. ಗು. ಹಳಕಟ್ಟಿಯವರು ಮನೆಮನೆಯ ಓಲೆಗಳನ್ನು ಅರಸಿ ಸಂಗ್ರಹಿಸಿದುದರ ಬೆಲೆ ಇಂತಹ ವೇಳೆಯಲ್ಲಿ ಅರಿವಾಗುತ್ತದೆ. ಮೂಲಪ್ರತಿ ಇದ್ದರೆ ತಾನೆ ಹೋಲಿಸಿ ನೋಡುವುದು?

ಉಪಸಂಹಾರ

ಯಂತ್ರ ಸರಿಹೋದ ಮೇಲೆ ಉಳಿಯುವ ಕೆಲಸವೇ ದೊಡ್ಡದು. ನೆನಪು ನೆಟ್ಟಗಾದರೂ ಅದು ತಪ್ಪಿದ್ದ ಕಾಲದಲ್ಲಿ ಬರೆದಿಟ್ಟದ್ದು ತಾನೇ ನೆಟ್ಟಗಾಗುವುದಿಲ್ಲ. ಹೊಸ ಪಟ್ಟಿ ಕೂಡಿಸಿದ ದಿನದಿಂದ ದೋಷ ತಿಳಿದ ದಿನದವರೆಗೆ ಉಳಿಸಿದ ಪ್ರತಿಯೊಂದು ಕಡತವನ್ನೂ ನಾವು ಕಾಗದದ ಮೂಲದೊಡನೆ ಹೋಲಿಸಬೇಕಾಯಿತು. ಆ ವಿದ್ಯಾರ್ಥಿಯನ್ನು ಅವನ ಮನೆಗೇ ಹೋಗಿ ಕರೆತಂದೆನು. ತಪ್ಪು ನಿನ್ನದಲ್ಲ, ವಿಚಾರಿಸದೆ ನುಡಿದ ತಪ್ಪು ನನ್ನದು ಎಂದು ಹೇಳಿದೆನು. ಅವನು ಮೂಲವನ್ನು ಗಟ್ಟಿಯಾಗಿ ಓದಿದನು. ನಾನು ಪರದೆಯನ್ನು ನೋಡುತ್ತ ಹೋದೆನು. ಸಿಕ್ಕ ತಪ್ಪುಗಳಲ್ಲಿ ಕೆಲವು ಅವನವೂ ಇದ್ದವು, ಕೆಲವು ತಿದ್ದುವಾಗ ನಾನು ಮಾಡಿದವೂ ಇದ್ದವು. ಮೂರೂ ಬಗೆಯ ತಪ್ಪುಗಳು ನೋಟಕ್ಕೆ ಒಂದೇ. ಮೂಲವು ಪಕ್ಕದಲ್ಲಿ ಇಲ್ಲದಿದ್ದರೆ ಯಾವುದನ್ನೂ ಬೇರ್ಪಡಿಸಲಾಗುತ್ತಿರಲಿಲ್ಲ.

ಶಾಲೆಗೆ ಯಂತ್ರವನ್ನಾಗಲಿ ಅದರ ಅಂಗಗಳನ್ನಾಗಲಿ ಕೊಡಮಾಡುವ ದಾನಿಗಳಲ್ಲಿ ಒಂದು ವಿನಂತಿ. ಮೆಮೊರಿಯನ್ನು ಕೊಡುವುದಾದರೆ ಯಂತ್ರದ ಜಾತಿಯನ್ನು ವಿಚಾರಿಸಿ, ಒಂದೇ ತಯಾರಿಕೆಯ ಜೋಡಿಪಟ್ಟಿಗಳನ್ನೇ ಕೊಡಿಸಬೇಕು. ಗ್ರಂಥಗಳನ್ನು ಕಾಪಿಡುವ ಯಂತ್ರಕ್ಕಾದರೆ ಇಸಿಸಿ ವ್ಯವಸ್ಥೆಯುಳ್ಳದ್ದು ಶ್ರೇಯಸ್ಕರ. ಉಪಾಧ್ಯಾಯ ಬಂಧುಗಳಲ್ಲಿ ಇನ್ನೊಂದು ವಿನಂತಿ. ಹೊಸ ಪಟ್ಟಿ ಕೂಡಿಸಿದ ದಿನ, ಒಂದು ಅಕ್ಷರವನ್ನೂ ಬರೆಯುವ ಮುನ್ನ, ಒಂದು ರಾತ್ರಿ ಪರೀಕ್ಷೆಗೆ ಬಿಡಿರಿ. ಗಣಕಕ್ಕೆ ಏರಿತೆಂದು ಹಳೆಯ ಓಲೆಗಳನ್ನೂ ಕಡತಗಳನ್ನೂ ಅಟ್ಟಕ್ಕೆ ಎಸೆಯದಿರಿ. ಅವು ಶ್ರೀಮಠದ ಗ್ರಂಥಭಂಡಾರದಲ್ಲಿ ಕ್ಷೇಮವಾಗಿರುವವರೆಗೆ ಯಂತ್ರದ ನೆನಪು ಎಷ್ಟು ಸಲ ತಪ್ಪಿದರೂ ನಮಗೆ ಹಿಂದಿರುಗಿ ನೋಡಲು ಒಂದು ಸ್ಥಾನ ಇದ್ದೇ ಇರುತ್ತದೆ.